ದಿನಕ್ಕೆ ಹನ್ನೊಂದು ಮಂದಿ

ನವೆಂಬರ್ 5, 1973, ಸೋಮವಾರ. ಇಂಡಿ

ಕಚೇರಿಗೆ ಕೊಡಬೇಕಾದ ದಿನಚರಿ ಬೇರೆ ಇದೆ. ಅದರಲ್ಲಿ "ಬೆಳಿಗ್ಗೆ ಆರಕ್ಕೆ ಸ್ಥಳಕ್ಕೆ ಹಾಜರಾದೆ" ಎಂದು ಬರೆದರೆ ಮುಗಿಯಿತು. ಈ ಎರಡನೆಯ ನೋಟುಬುಕ್ಕು ನನ್ನ ಸ್ವಂತದ್ದು. ಇಲ್ಲಿ ಗೊಣಗಬಹುದು.

ಗೊಣಗಲು ಬೇಕಾದಷ್ಟಿದೆ. ಧಾರವಾಡದಿಂದ ಇಲ್ಲಿಗೆ ಬರುವಷ್ಟರಲ್ಲಿ ನನ್ನ ಬಿಳಿ ಅಂಗಿ ಗೋಧಿ ಬಣ್ಣಕ್ಕೆ ತಿರುಗಿದೆ. ಸಾರಿಗೆ ಸಮೀಕ್ಷೆಗೆಂದು ಅಚ್ಚಾದ ನಾಲ್ಕು ಸಾವಿರ ಫಾರ್ಮುಗಳ ನೆತ್ತಿಯ ಮೇಲೆ "ಮೈಸೂರು ರಾಜ್ಯ" ಎಂದಿದೆ. ಈ ತಿಂಗಳ ಒಂದನೆಯ ತಾರೀಖಿನಿಂದ ನಾವು ಕರ್ನಾಟಕ. ಒಂದೊಂದನ್ನೂ ಹೊಡೆದುಹಾಕಿ ಕೈಯಿಂದ ಬರೆಯಬೇಕೆಂದು ಬಿಜಾಪುರದ ನಮ್ಮ ಸಾಹೇಬರು ಬಸಂತರಾಯರ ಅಪ್ಪಣೆ. ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದದ್ದು ಇದಕ್ಕೆ.

ಕೆಲಸ ದೊಡ್ಡದೇ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ತಾಲ್ಲೂಕುಗಳ ಜನ ಎಲ್ಲಿಂದ ಎಲ್ಲಿಗೆ, ಏತಕ್ಕೆ ಓಡಾಡುತ್ತಾರೆಂದು ಕೇಳಿ ಬರೆದುಕೊಳ್ಳಬೇಕು. ಅದರ ಆಧಾರದ ಮೇಲೆ ಹತ್ತು ವರ್ಷದ ನಂತರ ಎಷ್ಟು ಜನ ಓಡಾಡಿಯಾರು ಎಂದು ಅಂದಾಜಿಸಬೇಕು. ಈಗ ಎಲ್ಲ ಬಸ್ಸುಗಳೂ ಬಿಜಾಪುರಕ್ಕೇ ಹೋಗುತ್ತವೆ. ಇಂಡಿಯಿಂದ ಸಿಂದಗಿಗೆ ನೇರ ದಾರಿ ಇಪ್ಪತ್ತೆಂಟು ಮೈಲಿ. ಬಸ್ಸಿನಲ್ಲಿ ಹೋಗಬೇಕೆಂದರೆ ಬಿಜಾಪುರ ಸುತ್ತಿ ಎಪ್ಪತ್ತರ ಮೇಲೆ. ನೇರ ಬಸ್ಸು ಬೇಕೇ ಬೇಡವೇ ಎಂಬ ಪ್ರಶ್ನೆ ನನ್ನ ಪಾಲಿಗೆ ಬಂದಿದೆ. ಒಂದು ಕಡೆಗೆ ದಿನಕ್ಕೆ ನಲವತ್ತು ಜನ ಇದ್ದರೆ ಬಸ್ಸು, ಇಲ್ಲದಿದ್ದರೆ ಇಲ್ಲ.

ವಸತಿ ರೇವವ್ವ ಎಂಬಾಕೆಯ ಮನೆಯ ಮುಂದಿನ ಕೋಣೆಯಲ್ಲಿ. ಐವತ್ತರ ಹತ್ತಿರದ ಹೆಂಗಸು, ಸದಾ ಕೈಯಲ್ಲಿ ಉಣ್ಣೆ ನೂಲುತ್ತಾಳೆ. ಗಂಡ ಪರಸಪ್ಪ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋಗಿದ್ದಾನಂತೆ. ಊಟಕ್ಕೆ ನಾನು ಖಾನಾವಳಿ ಗೊತ್ತು ಮಾಡಿಕೊಂಡಿದ್ದೇನೆ. ಮನೆಯವರೊಂದಿಗೆ ಹೆಚ್ಚು ಬಳಕೆ ಬೇಡ.

ಸಂಕ್ರಾಂತಿಗೆ ಧಾರವಾಡದಲ್ಲಿ, ಅಣ್ಣನ ಮನೆಯಲ್ಲಿರಬೇಕು. ಇನ್ನು ಎಪ್ಪತ್ತು ದಿನ.

ನವೆಂಬರ್ 8, ಗುರುವಾರ

ಈ ಊರಿನ ಜನಕ್ಕೆ ತಾವು ಎಲ್ಲಿಗೆ ಹೋಗುತ್ತಿದ್ದೇವೆಂದೇ ಗೊತ್ತಿಲ್ಲ.

ಬೆಳಿಗ್ಗೆ ಆರಕ್ಕೆ ನಾನೂ ಗಣತಿದಾರ ಸಿದ್ದರಾಯರೂ ಬಸ್ ನಿಲ್ದಾಣದ ಬಾಗಿಲಲ್ಲಿ ನಿಂತೆವು. ಸಿದ್ದರಾಯರು ನಲವತ್ತು ದಾಟಿದ ಗೃಹಸ್ಥರು, ಎಪ್ಪತ್ತೊಂದರ ಜನಗಣತಿಯಲ್ಲಿ ಪಳಗಿದವರು. ಫಾರ್ಮಿನ ಮೊದಲ ಪ್ರಶ್ನೆ, "ಎಲ್ಲಿಗೆ ಹೋಗುತ್ತೀರಿ?" ಅದನ್ನು ಓದಿ ಅವರು ನನ್ನನ್ನು ಮುಂದೆ ಬಿಟ್ಟು, "ಸಾಹೇಬ್ರ, ಈ ಮೊದಲನೇದು ನೀವ ಕೇಳ್ರಿ. ಉಳಿದದ್ದು ನಾ ಬರಕೊಂತೇನಿ" ಎಂದರು. ವಿನಯವಂತರು ಎಂದುಕೊಂಡೆ.

ನಾನು ಕೇಳಿದೆ. ಒಬ್ಬ, "ಇಲ್ಲೇ ಹೊಂಟೀನ್ರಿ" ಎಂದ. ಇನ್ನೊಬ್ಬ ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಹಾಸಿಗೆ ಸುರುಳಿ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು, "ಎಲ್ಲೂ ಇಲ್ರಿ" ಎಂದ! ನಿಂಬೆಹಣ್ಣಿನ ಬುಟ್ಟಿಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಉತ್ತರವನ್ನೇ ಕೊಡಲಿಲ್ಲ. ರುಮಾಲಿನ ಯಜಮಾನರೊಬ್ಬರು ಬಸ್ಸಿನಿಂದ ಇಳಿದು ಚಹದ ಅಂಗಡಿಗೆ ಹೋಗಿ ಕೂತು ನೀರು ಕುಡಿದು ಮರಳಿ ಬಂದರು. ಹೊಸ ಪ್ರಯಾಣಿಕರೆಂದು ಮತ್ತೆ ಕೇಳಿದೆ. ಮತ್ತೆ ಹೋಗಿ ನೀರು ಕುಡಿದರು. ಮೂರನೆಯ ಸಲಕ್ಕೆ ಬಸ್ಸು ಹೋಗಿಬಿಟ್ಟಿತ್ತು. ಅವರು ನನ್ನ ಅಪ್ಪನನ್ನೂ ಅಜ್ಜನನ್ನೂ ನೆನೆಸಿಕೊಂಡರು.

ಇನ್ನೂರು ಫಾರ್ಮುಗಳಲ್ಲಿ ನೂರಾ ಹದಿನೆಂಟರ ಮೇಲೆ "ಇಲ್ಲೇ". ಅಜ್ಞಾನ. ಇನ್ನು ಅರವತ್ತೇಳು ದಿನ.

ನವೆಂಬರ್ 9

ನೂರಾ ಮೂವತ್ತು "ಇಲ್ಲೇ". ಖಾನಾವಳಿಯ ಪಲ್ಯದಲ್ಲಿ ಕಲ್ಲು.

ನವೆಂಬರ್ 14, ಬುಧವಾರ

ಉತ್ತರ ಸಿಕ್ಕಿತು. ಎರಡು ಊರುಗಳ ಜನಸಂಖ್ಯೆಯನ್ನು ಗುಣಿಸಬೇಕು, ನಡುವಿನ ದೂರದ ವರ್ಗದಿಂದ ಭಾಗಿಸಬೇಕು. ಊರು ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರವಾದಷ್ಟೂ ಕಡಿಮೆ. ಆಮೇಲೆ ಸಮೀಕ್ಷೆಯ ಅಂಕಿಗಳಿಗೆ ಹೊಂದಿಸಿದರೆ ದಿನಕ್ಕೆ ಎಷ್ಟು ಜನವೆಂಬುದು ಬಂದು ಮುಂದೆ ನಿಲ್ಲುತ್ತದೆ. ಎಷ್ಟು ಸೊಗಸಾದ ಸೂತ್ರ! "ಇಲ್ಲೇ" ಎಂದವರನ್ನು ಬಿಟ್ಟು, ಉಳಿದವರನ್ನು ಹಿಡಿದು, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಬೆಳಗಿನಿಂದ ಕೂತಿದ್ದೆ.

ರೇವವ್ವ ಬಾಗಿಲಲ್ಲಿ ಬಂದು ನಿಂತಳು. "ಏನ್ ಬೀಸಾಕತ್ತೀರಿ ಸಾಹೇಬ್ರ? ಹೊತ್ತ ಹುಟ್ಟಿದಾಗಿಂದ ಗರಗರ ಅಂತೈತಿ. ಒಂದು ಚಿಟಿಕಿ ಹಿಟ್ಟರೆ ಬಿತ್ತೇನು?"

"ಬಿತ್ತು" ಎಂದೆ ಹೆಮ್ಮೆಯಿಂದ. "ಇಂಡಿಯಿಂದ ಸಿಂದಗಿಗೆ ದಿನಕ್ಕೆ ಹನ್ನೊಂದು ಮಂದಿ. ಹತ್ತು ವರ್ಷದ ಮೇಲೆ ಹದಿನಾಲ್ಕು. ನೇರ ಬಸ್ಸಿನ ಅಗತ್ಯವಿಲ್ಲ."

ಆಕೆಯ ಕೈಯಲ್ಲಿನ ಕದಿರು ನಿಂತಿತು. "ಬಸ್ಸು ಬರೂದಿಲ್ಲೇನ್ರಿ ಹಂಗಾರ?"

ಆಮೇಲೆ ವಿಷಯ ಹೊರಬಿತ್ತು. ಒಬ್ಬಳೇ ಮಗಳು ಶೇವಂತಿ. ಸಿಂದಗಿಯ ಆಚೆಯ ಹಳ್ಳಿಗೆ ಕೊಟ್ಟಿದ್ದಾರೆ. ಈಗ ಏಳು ತಿಂಗಳ ಬಸುರಿ, ಚೊಚ್ಚಲು. ಬಾಣಂತನ ತವರಿನಲ್ಲೇ ಆಗಬೇಕು. "ಚಕ್ಕಡಿಯಾಗ ಒಂದೂವರಿ ದಿನ ಕುಲುಕ್ಯಾಡಿಸಿ ತರಬ್ಯಾಡ್ರಿ ಅಂದಾಳ ಸೂಲಗಿತ್ತಿ. ಬಿಜಾಪುರದ ಮ್ಯಾಲೆ ತರಬೇಕಂದ್ರ ನಡಕ ಒಂದು ರಾತ್ರಿ ಸ್ಟ್ಯಾಂಡಿನ್ಯಾಗ ನೆಲದ ಮ್ಯಾಲೆ ಬೀಳಬೇಕು. ಸೀದಾ ಬಸ್ ಆತಂದ್ರ ಎರಡೂವರಿ ತಾಸು. ಹೆಂಗರೆ ತಡಕೋತಾಳ."

ಅಂಕಿಗಳು ಒಬ್ಬರ ಮಗಳಿಗಾಗಿ ಬದಲಾಗುವುದಿಲ್ಲ ಎಂದು ಮೃದುವಾಗಿಯೇ ಹೇಳಿದೆ.

"ಹತ್ತು ವರ್ಷದ ಮ್ಯಾಲೆ ಎಷ್ಟ ಮಂದಿ ಹೋಗ್ತಾರಂತ ಹೇಳ್ತೀರಿ. ಎರಡು ತಿಂಗಳದಾಗ ನನ್ನ ಮಗಳು ಹೆಂಗ ಬರ್ತಾಳ, ಅದನ್ನ ಹೇಳ್ರಿ ನೋಡೂಣು" ಎಂದು ಒಳಗೆ ಹೋದಳು.

ಅವಿದ್ಯಾವಂತರೊಡನೆ ಇದೇ ಕಷ್ಟ. ರಾತ್ರಿ ಖಾನಾವಳಿಯ ಊಟ ಸೇರಲಿಲ್ಲ. ಇನ್ನು ಅರವತ್ತೊಂದು ದಿನ.

ನವೆಂಬರ್ 17, ಶನಿವಾರ

ಬಿಜಾಪುರ ಬಸ್ಸಿನ ಕಂಡಕ್ಟರ್ ಶಹಾಬುದ್ದೀನನನ್ನು ಹಿಡಿದು ಟಿಕೆಟ್ಟಿನ ಪ್ರಕಾರ ಸಿಂದಗಿಗೆ ಎಷ್ಟು ಜನ ಹೋಗುತ್ತಾರೆಂದು ಕೇಳಿದೆ. "ಒಬ್ಬರೂ ಇಲ್ರಿ" ಎಂದ. ನೋಡಿದೆಯಾ ರೇವವ್ವ, ಎಂದುಕೊಳ್ಳುವಷ್ಟರಲ್ಲಿ ಮುಂದುವರಿಸಿದ: "ನನ್ನ ಕಡೆ ಸಿಂದಗಿ ಚೀಟಿನ ಇಲ್ಲಲ್ರಿ. ಬಿಜಾಪುರದ್ದ ಅದಾವ, ಬಿಜಾಪುರದ್ದ ಹರದ ಕೊಡ್ತೇನಿ. ಅವರು ಅಲ್ಲಿಳಿದು ಮಕ್ಕಾಕ್ಕ ಹೋದ್ರೂ ನನಗೇನ ಗೊತ್ತಾಕೈತಿ?"

ಇದನ್ನು ಬರೆದಿಟ್ಟುಕೊಂಡಿದ್ದೇನೆ, ಯಾಕೋ ಗೊತ್ತಿಲ್ಲ.

ನವೆಂಬರ್ 20, ಮಂಗಳವಾರ

ನಾನು ಕತ್ತೆ.

ಬೆಳಿಗ್ಗೆ ರೇವವ್ವ ಹೊಸ ಇಳಕಲ್ ಸೀರೆಯುಟ್ಟು ಕಾಯಿ, ಊದಿನಕಡ್ಡಿ ಹಿಡಿದು ಹೊರಟಿದ್ದಳು. ಮೊನ್ನೆಯಿಂದ ಮಾತು ಕಡಿಮೆಯಾಗಿತ್ತು. ಸರಿಮಾಡಿಕೊಳ್ಳೋಣವೆಂದು ನಗುತ್ತ, "ಎಲ್ಲಿಗೆ ಹೊಂಟ್ರಿ ರೇವವ್ವ?" ಎಂದೆ.

ಹೊಸ್ತಿಲು ದಾಟಿದ್ದ ಕಾಲನ್ನು ಆಕೆ ಹಿಂದಕ್ಕೆ ತೆಗೆದಳು. ಕಾಯಿಯನ್ನು ಗೋಡೆಯ ಮಾಡದಲ್ಲಿಟ್ಟಳು, ಕೂತಳು, ಒಂದು ತಂಬಿಗೆ ನೀರು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇಷ್ಟು ಕಲ್ತೀರಿ, ಹೊಂಟವರಿಗೆ ಎಲ್ಲಿಗೆ ಅಂತ ಕೇಳ್ತಾರೇನ್ರಿ? ಲಚ್ಯಾಣದ ಮಠಕ್ಕ ಮಗಳ ಸಲುವಾಗಿ ಹೊಂಟಿದ್ದೆ. ನಿಮ್ಮವ್ವ ಏನೂ ಕಲಿಸಿಲ್ಲೇನು?"

ಕಲಿಸಿದ್ದಳು. ಅದೇ ನನಗೆ ನಾಚಿಕೆ. ಧಾರವಾಡದಲ್ಲಿ ನಮ್ಮವ್ವ ಹೊರಟವರನ್ನು ಯಾರಾದರೂ ಎಲ್ಲಿಗೆ ಎಂದರೆ ಮರಳಿ ಒಳಗೆ ಕರೆದು ಕೂರಿಸಿ ನೀರು ಕೊಡುತ್ತಿದ್ದಳು. ಪರೀಕ್ಷೆಗೆ ಹೋಗುವಾಗ ನನ್ನನ್ನೂ ಕೂರಿಸಿದ್ದಾಳೆ. ಅವಳು ತೀರಿಕೊಂಡ ಎರಡು ವರ್ಷದಲ್ಲಿ ನಾನು ಇದನ್ನು ಪೂರ್ತಿ ಮರೆತಿದ್ದೆ. ಇಂಡಿಯ ಜನಕ್ಕೆ ತಾವು ಎಲ್ಲಿಗೆ ಹೋಗುತ್ತೇವೆಂದು ಚೆನ್ನಾಗಿ ಗೊತ್ತು. ಹೋಗುವ ಕೆಲಸ ಕೆಡಬಾರದೆಂದು ಹೇಳುತ್ತಿರಲಿಲ್ಲ, ಅಷ್ಟೇ. ಹನ್ನೆರಡು ದಿನದಲ್ಲಿ ಎರಡು ಸಾವಿರ ಜನರ ಶಕುನ ಕೆಡಿಸಿದ್ದೇನೆ!

ಸಿದ್ದರಾಯರ ಹತ್ತಿರ ಓಡಿದೆ. "ನಿಮಗೆ ಗೊತ್ತಿತ್ತೇ?"

"ಗೊತ್ತಿತ್ರಿ. ಅದಕ್ಕ ನೀವ ಕೇಳ್ರಿ ಅಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಸರಕಾರಿ ಫಾರ್ಮ್ ಐತಿ. ಸರಕಾರಕ್ಕ ಶಕುನ ಹತ್ತೂದಿಲ್ಲ ಅಂತ ತಿಳಿದಿದ್ದೆ."

ನವೆಂಬರ್ 22, ಗುರುವಾರ

ಹೋಗುವವರನ್ನು ಕೇಳಬಾರದು, ಬಂದವರನ್ನು ಕೇಳಬಹುದು! ಸಾಯಂಕಾಲ ಬಿಜಾಪುರದ ಬಸ್ಸಿನಿಂದ ಇಳಿದವರ ಮುಂದೆ ಸಿದ್ದರಾಯರನ್ನೇ ಬಿಟ್ಟೆ. "ಆರಾಮ ಬಂದ್ರೇನ್ರಿ? ಮೊದಲ ಎಲ್ಲಿಂದ ಬಂದ್ರಿ?" ಎಂದದ್ದೇ ತಡ, ಕಟ್ಟೆ ಒಡೆದ ಕಾಲುವೆ. ಸಿಂದಗಿಯಲ್ಲಿ ಎತ್ತು ನೋಡಲು ಹೋಗಿದ್ದವರು, ಬೀಗರ ಮನೆಯ ತೊಟ್ಟಿಲಿಗೆ ಹೋಗಿದ್ದವರು, ಮೊಮ್ಮಗನಿಗೆ ಜ್ವರವೆಂದು ಓಡಿದ್ದವರು, ಬಿಜಾಪುರದ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದು ಚಪ್ಪಲಿ ಕಳೆದುಕೊಂಡವರು. ಮೊನ್ನೆ ಉತ್ತರ ಕೊಡದ ನಿಂಬೆಹಣ್ಣಿನ ಮುದುಕಿ, ಹೆಸರು ಚಂದವ್ವ, ಹದಿನೈದು ನಿಮಿಷ ಮಾತಾಡಿ ನನಗೆ ಎರಡು ಹಣ್ಣು ಕೊಟ್ಟು ಹೋದಳು. ಆಕೆಯ ತಂಗಿ ಸಿಂದಗಿಯಲ್ಲಿ.

ಪ್ರಯಾಣದ ಉದ್ದೇಶವೆಂಬ ಕಾಲಂ ಸಾಲಲಿಲ್ಲ. ಅಚ್ಚಾದದ್ದು ನಾಲ್ಕೇ: ಕೆಲಸ, ಸಂತೆ, ಕೋರ್ಟು–ದವಾಖಾನೆ, ಇತರೆ. ಐದನೆಯದನ್ನು ಕೈಯಿಂದ ಸೇರಿಸಿದೆ: ತವರು–ಬೀಗರು. "ಮೈಸೂರು" ಹೊಡೆದು "ಕರ್ನಾಟಕ" ಬರೆಯುವಾಗಲೇ ಇದನ್ನೂ ಬರೆಯುತ್ತಿದ್ದೇನೆ, ಕೈ ನೋಯುತ್ತಿದೆ. ಆದರೆ ಇಂದು ಇಳಿದ ಎಂಬತ್ತೊಂದು ಜನರಲ್ಲಿ ಇಪ್ಪತ್ತಾರು ಜನ ಸಿಂದಗಿಯ ಕಡೆಯಿಂದ ಬಂದವರು. ಕಾಲ್ನಡಿಗೆ, ಚಕ್ಕಡಿಯವರ ಲೆಕ್ಕ ಇನ್ನೂ ಬೇರೆ.

ರೇವವ್ವ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟಳು. ಖಾನಾವಳಿಗೆ ಹೋಗಲು ಹೊತ್ತಾಗಿತ್ತು, ಅದಕ್ಕೆ ತಿಂದೆ.

ನವೆಂಬರ್ 30, ಶುಕ್ರವಾರ

ಬಸಂತರಾಯರ ಪತ್ರ. "ಮುದ್ರಿತ ಪ್ರಶ್ನೆಯನ್ನು ಬದಲಿಸಲು ತಮಗೆ ಅಧಿಕಾರವಿಲ್ಲ. ಶಕುನದ ಕಾಲಂ ನಮ್ಮಲ್ಲಿಲ್ಲ. ಡೀಸೆಲ್ ತುಟ್ಟಿಯಾಗುತ್ತಿರುವ ಕಾಲದಲ್ಲಿ ಹೊಸ ಬಸ್ಸಿನ ಕನಸು ಬೇಡ. ಮೊದಲಿನ ಅಂಕಿಯನ್ನೇ, ಅಂದರೆ ಹನ್ನೊಂದನ್ನೇ, ಕಳಿಸುವುದು."

ರೇವವ್ವನಿಗೆ ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಮಗಳ ಮಗುವಿನ ತಲೆಗೆ ಹೊದಿಸಲೆಂದು ಕುಂಚಿಗೆ ಹೊಲಿಯುತ್ತ ಕೂತಿದ್ದಳು. ನನಗೆ ಬಹಳ ಸಿಟ್ಟು ಬಂದಿದೆ. ಸುಳ್ಳು ಅಂಕಿ ನನ್ನ ಹೆಸರಿನಲ್ಲಿ ಹೋಗಬಾರದು, ಅದಕ್ಕಾಗಿ. ಸೋಮವಾರ ಬಿಜಾಪುರಕ್ಕೆ ಹೋಗುತ್ತೇನೆ.

ಡಿಸೆಂಬರ್ 3, ಸೋಮವಾರ. ಬಿಜಾಪುರ

ಇಂಥ ದಿನ ಜನ್ಮದಲ್ಲಿ ಒಂದೇ ಸಲ ಬರುತ್ತದೆ. ವಿವರವಾಗಿ ಬರೆಯುತ್ತೇನೆ.

ಬಸಂತರಾಯರು ನನ್ನ ಮಾತನ್ನು ಕೇಳಲೇ ಇಲ್ಲ. "ಗುರುಲಿಂಗಪ್ಪ, ನೀವು ಸಂಖ್ಯಾಶಾಸ್ತ್ರ ಓದಿದವರು. ಈ ಕಾಲದಲ್ಲಿ ಎಲ್ಲಿಗೆ ಅಂದ್ರ ಕೆಲಸ ಕೆಡತೈತಿ ಅಂತ ಯಾರು ನಂಬ್ತಾರ್ರಿ?" ಎಂದು ಟೊಪ್ಪಿಗೆ ತೊಟ್ಟು ಜೀಪಿನ ಕಡೆ ನಡೆದೇಬಿಟ್ಟರು. ಮಾತು ಮುಗಿದಿರಲಿಲ್ಲ. ಅವರು ಎಲ್ಲಿಗೆ ಹೋಗುತ್ತಾರೆ, ಯಾವಾಗ ಮರಳುತ್ತಾರೆಂದು ತಿಳಿದರೆ ಕಾಯಬಹುದಲ್ಲ ಎಂದು ಹಿಂದೆ ಓಡಿ ಕೇಳಿದೆ: "ಸರ್, ಎಲ್ಲಿಗೆ ಹೊಂಟ್ರಿ?"

ಸಾಹೇಬರು ಜೀಪಿಗೆ ಇಟ್ಟ ಕಾಲನ್ನು ಕೆಳಗಿಳಿಸಿದರು. ನನ್ನನ್ನು ದುರುಗುಟ್ಟಿ ನೋಡಿದರು. ಒಳಗೆ ಬಂದು ಕುರ್ಚಿಯಲ್ಲಿ ಕೂತರು. "ಹಾಜಿಮಲಂಗ, ನೀರು ತಾ" ಎಂದು ಜವಾನನನ್ನು ಕೂಗಿದರು. ಹಾಜಿಮಲಂಗ ಕೇಳುವ ಮೊದಲೇ ಲೋಟ ಹಿಡಿದು ನಿಂತಿದ್ದ. ಅರ್ಧ ಲೋಟ ಕುಡಿದ ಮೇಲೆ ಸಾಹೇಬರ ಕೈ ಹಾಗೇ ನಿಂತಿತು. ನಾನು ನೆಲ ನೋಡಿದೆ. ಹಾಜಿಮಲಂಗ ಗೋಡೆಯ ಕ್ಯಾಲೆಂಡರು ನೋಡಿದ.

ಉಳಿದರ್ಧ ಲೋಟವನ್ನೂ ಮುಗಿಸಿ ಸಾಹೇಬರು ಹೇಳಿದರು: "ಆತು. ಬಂದವರನ್ನ ಕೇಳ್ರಿ." ಆದರೆ ಷರತ್ತು. ಹೋದವರು ಬರಲೇಬೇಕು, ಆದ್ದರಿಂದ ಇಂಡಿಯಲ್ಲಿ ಬಂದಿಳಿದವರ ಅಂಕಿ, ಸಿಂದಗಿಯಲ್ಲಿ ಬಂದಿಳಿದವರ ಅಂಕಿ ಹತ್ತಿರ ಹತ್ತಿರ ತಾಳೆಯಾಗಬೇಕು. ಎರಡೂ ನಲವತ್ತರ ಮೇಲಿರಬೇಕು. ಈ ತಿಂಗಳ ಇಪ್ಪತ್ತರೊಳಗೆ.

ನಾಳೆ ಸಿಂದಗಿ.

ಡಿಸೆಂಬರ್ 8, ಶನಿವಾರ. ಸಿಂದಗಿ

ನಾಲ್ಕು ದಿನ ಎಣಿಸಿದೆವು. ಜನ ಸಾಕಷ್ಟಿದ್ದಾರೆ.

ಇವತ್ತು ಹಳ್ಳಿಗೆ ಹೋಗಿ ಶೇವಂತಿಯನ್ನು ನೋಡಿ ಬಂದೆ. ಹೊರಡುವಾಗ ರೇವವ್ವ ಶೇಂಗಾ ಹೋಳಿಗೆಯ ಗಂಟು ಕೊಟ್ಟಿದ್ದಳು. ಕೊಡದೆ ಇರಲಾಗುತ್ತದೆಯೇ. ಸಣ್ಣ ಹುಡುಗಿ, ಮುಖ ತಾಯಿಯದೇ. ಗಂಟು ಬಿಚ್ಚುವ ಮೊದಲು ಅದನ್ನು ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. "ಅವ್ವ ಹೆಂಗದಾಳ್ರಿ?" ಎಂದು ಕೇಳಿದಳು. ಚೆನ್ನಾಗಿದ್ದಾಳೆ, ದಿನಾ ನಿನ್ನ ಮಾತೇ ಆಡುತ್ತಾಳೆ, ಕುಂಚಿಗೆ ಹೊಲಿದಿದ್ದಾಳೆ, ನಾಲ್ಕು ಮೂಲೆಗೂ ಕೆಂಪು ಗೊಂಡೆ ಇಟ್ಟಿದ್ದಾಳೆ ಎಂದೆಲ್ಲ ಹೇಳಿದೆ. ಇಷ್ಟೊಂದು ನನಗೆ ಗೊತ್ತಿತ್ತೆಂದು ನನಗೇ ಗೊತ್ತಿರಲಿಲ್ಲ.

"ಸೀದಾ ಬಸ್ ಬರ್ತೈತಂತಲ್ರಿ ಅಣ್ಣಾರ?"

ಅಂದಾಜು ನಡೆದಿದೆ ಎಂದೆ. ಅಂದಾಜು ಎಂಬ ಮಾತು ಇಷ್ಟು ಬಡವಾಗಿ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ.

ಡಿಸೆಂಬರ್ 13, ಗುರುವಾರ. ಇಂಡಿ

ಇಂಡಿಗೆ ಬಂದವರು ದಿನಕ್ಕೆ ನಲವತ್ತೇಳು! ಸಿಂದಗಿಗೆ ಬಂದವರು ನಲವತ್ತನಾಲ್ಕು! ಲೆಕ್ಕ ಮೂರು ಸಲ ಮಾಡಿದೆ. ಅವ್ವ ಹೊರಗೆ ಕದಿರು ತಿರುಗಿಸುತ್ತಲೇ, "ನುಣ್ಣಗಾತು ಬಿಡ್ರಿ, ಇನ್ನ ಬೀಸಬ್ಯಾಡ್ರಿ" ಎಂದಳು.

ನಿನ್ನೆ ಪರಸಪ್ಪ ಕುರಿಗಳೊಂದಿಗೆ ಮರಳಿದ್ದಾನೆ. ನಾನು ಗೋಡೆಯ ಮೇಲೆ ನಾಲ್ಕು ತಾಲ್ಲೂಕಿನ ನಕಾಶೆ ಹಚ್ಚಿ, ಜನ ಹೋಗಬಯಸುವ ಊರುಗಳ ಮೇಲೆ ಮೊಳೆ ಹೊಡೆದು ನಡುವೆ ದಾರ ಕಟ್ಟುತ್ತಿದ್ದೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಆಸೆಯ ಗೆರೆ ಎನ್ನುತ್ತಾರೆ. ಹೆಚ್ಚು ಜನವಿದ್ದರೆ ದಪ್ಪ ದಾರ. ನನ್ನ ದಾರ ಮುಗಿದದ್ದರಿಂದ ಅವ್ವ ತನ್ನ ಕರಿ ಉಣ್ಣೆಯ ನೂಲು ಕೊಟ್ಟಳು. ಇಂಡಿಯಿಂದ ಸಿಂದಗಿ, ಅಲ್ಲಿಂದ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಪರಸಪ್ಪ ಕಂಬಳಿ ಹೊದ್ದು ನಿಂತು ಬಹಳ ಹೊತ್ತು ನೋಡಿದ.

"ಇದು ನಮ್ಮ ಕುರಿ ದಾರಿ ಅಲ್ರಿ? ನಮ್ಮ ಮುತ್ಯಾನ ಕಾಲದಿಂದ ಹಿಂಗ ಹೋಗ್ತೇವಿ. ಇದನ್ನ ಹುಡಕಾಕ ಒಂದು ತಿಂಗಳ ಹಿಡೀತೇನ್ರಿ?"

"ಬಿಜಾಪುರಕ್ಕೆ ಹೋಗುವುದಿಲ್ಲವೇ ನೀವು?"

"ಕುರಿಗೆ ಬಿಜಾಪುರದಾಗ ಏನ್ ಕೆಲಸ್ರಿ?"

ವರದಿಯಲ್ಲಿ ಇದನ್ನು ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೇನೆ.

ಡಿಸೆಂಬರ್ 24, ಸೋಮವಾರ

ಎಳ್ಳಮಾವಾಸ್ಯೆ. ನಿಲ್ದಾಣದಲ್ಲಿ ಪ್ರಯಾಣಿಕರು ಸೊನ್ನೆ. ಇಡೀ ಊರು ಹೊಲದಲ್ಲಿತ್ತು, ನಾನೂ ಇದ್ದೆ. ಎದೆಮಟ್ಟ ಬೆಳೆದ ಬಿಳಿಜೋಳದ ನಡುವೆ ಕಂಬಳಿ ಹಾಸಿ ಕೂತು ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಎಳ್ಳಿನ ಹೋಳಿಗೆ. ಪರಸಪ್ಪ ಹೊಲದ ನಾಲ್ಕೂ ಕಡೆ ಭೂತಾಯಿಗೆಂದು ಅಡುಗೆಯ ಚರಗ ಚೆಲ್ಲಿದ. ಎಷ್ಟು ಹೋಳಿಗೆ ತಿಂದೆನೆಂದು ಎಣಿಸಲಿಲ್ಲ.

ಅಲ್ಲಿಗೇ ಸಿದ್ದರಾಯರು ಬಸಂತರಾಯರ ಪತ್ರ ತಂದರು. ಜನವರಿ ಎರಡರಿಂದ ಪ್ರಾಯೋಗಿಕ ಬಸ್ಸು. ಬೆಳಿಗ್ಗೆ ಎಂಟಕ್ಕೆ ಇಂಡಿ ಬಿಟ್ಟು, ಸಂಜೆ ಐದೂವರೆಗೆ ಮರಳಿ ಇಂಡಿ. ಏಳು ದಿನ ಇಂಡಿಯಲ್ಲಿ ಇಳಿದವರನ್ನು ಎಣಿಸಬೇಕು. ಸರಾಸರಿ ನಲವತ್ತಕ್ಕಿಂತ ಕಡಿಮೆಯಾದರೆ ಎಂಟನೆಯ ದಿನ ಬಸ್ಸು ಬಂದ್.

ಜೋರಾಗಿ ಓದಿದೆ. ಅವ್ವ ನನ್ನ ತಲೆಗೆ ಎರಡೂ ಕೈ ಹಚ್ಚಿ ಬೆರಳು ಲಟಕ್ಕೆನಿಸಿದಳು.

ಜನವರಿ 2, 1974, ಬುಧವಾರ

ಒಂಬತ್ತು. ಒಂಬತ್ತೇ ಜನ ಇಳಿದರು. ಮುಂದೆ ಬರೆಯಲಾರೆ.

ಜನವರಿ 3

ಹದಿನೇಳು. ಜನ ನಿಲ್ದಾಣದಲ್ಲಿ ನೂರಾರು ಇದ್ದರು, ಆದರೆ ಹತ್ತಲಿಲ್ಲ. ಬೆಳಿಗ್ಗೆ ಬಸ್ಸನ್ನು ಕಳಿಸಿಕೊಟ್ಟು, ಸಂಜೆ ಎದುರುಗೊಂಡು ಹೋದರು. ಚಂದವ್ವನನ್ನು ಹಿಡಿದು ಯಾಕೆ ಹೋಗಲಿಲ್ಲವೆಂದು ಕೇಳಿದೆ. "ಹೋದ ಬಸ್ ಹೊಳ್ಳಿ ಬರ್ತೈತೇನು ಮೊದಲ ನೋಡಬೇಕಲ್ಲಪ್ಪಾ. ಅಲ್ಲೇ ಕುಂತಿತಂದ್ರ ನಾ ಏನ ಮಾಡ್ಲಿ?" ಎಂದಳು.

ನನ್ನ ಸೂತ್ರದಲ್ಲಿ ಜನಸಂಖ್ಯೆ ಇದೆ, ದೂರ ಇದೆ. ನಂಬಿಕೆಗೆ ಎಷ್ಟು ದಿನ ಹಿಡಿಯುತ್ತದೆಂಬುದು ಇಲ್ಲ. ಸಿಂದಗಿಯ ಬೀಗರೂ ಅದನ್ನೇ ಹೇಳಿ ಕಳಿಸಿದ್ದಾರೆ, ಬಸ್ಸು ನಾಲ್ಕು ದಿನ ಓಡಲಿ, ಆಮೇಲೆ ಸೊಸೆಯನ್ನು ಹತ್ತಿಸುತ್ತೇವೆ ಎಂದು. ಎಲ್ಲರೂ ಹೀಗೇ ಕಾದರೆ ಎಂಟನೆಯ ದಿನ ಬಸ್ಸೇ ಇರುವುದಿಲ್ಲ. ಅವ್ವ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಜನವರಿ 5, ಶನಿವಾರ

ನಿನ್ನೆ ಮೂವತ್ತೆಂಟು, ಇವತ್ತು ನಲವತ್ತೊಂಬತ್ತು! ಹೊಸ ಬಸ್ಸಿಗೆ ಶಹಾಬುದ್ದೀನನನ್ನೇ ಹಾಕಿದ್ದಾರೆ. ಕಿಟಕಿಯಿಂದ ಹೊಸ ಟಿಕೆಟ್ಟಿನ ಕಟ್ಟು ಬೀಸಿ ತೋರಿಸಿದ. "ಸಿಂದಗಿ ಚೀಟಿ ಬಂದಾವ್ರಿ ಸಾಹೇಬ್ರ! ಈಗ ಕೇಳ್ರಿ!"

ಜನವರಿ 7, ಸೋಮವಾರ

ನಿನ್ನೆ ಐವತ್ತಾರು, ಇವತ್ತು ಐವತ್ತೆಂಟು. ಆರು ದಿನಕ್ಕೆ ಇನ್ನೂರ ಇಪ್ಪತ್ತೇಳು. ಏಳು ದಿನಕ್ಕೆ ಇನ್ನೂರ ಎಂಬತ್ತು ಆಗಬೇಕು. ನಾಳೆ ಐವತ್ತಮೂರು ಜನ ಇಳಿಯಬೇಕು. ಅವ್ವ ಲಚ್ಯಾಣದ ಮಠಕ್ಕೆ ಹೊರಟಳು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಜನವರಿ 8, ಮಂಗಳವಾರ

ಬಸ್ಸು ಹತ್ತು ನಿಮಿಷ ತಡ. ನಾನು ಬಾಗಿಲ ಎಡಕ್ಕೆ, ಸಿದ್ದರಾಯರು ಬಲಕ್ಕೆ ನಿಂತು ಎಣಿಸತೊಡಗಿದೆವು. ಒಂದು, ಎರಡು, ಮೂರು. ಹತ್ತೊಂಬತ್ತನೆಯವಳಾಗಿ, ಒಂದು ಕೈಯಲ್ಲಿ ಬಾಗಿಲ ಸರಳು, ಇನ್ನೊಂದು ಕೈ ಸೊಂಟದ ಮೇಲೆ, ಶೇವಂತಿ. ಹಿಂದೆ ಗಂಡ, ತಲೆಯ ಮೇಲೆ ಗಂಟು. ಮೆಟ್ಟಿಲು ಎತ್ತರ. ನಾನು ಫಾರ್ಮಿನ ಹಲಗೆಯನ್ನು ಎಲ್ಲಿಟ್ಟೆನೋ, ಅವಳ ಕೈ ಹಿಡಿದು ಇಳಿಸಿದೆ, ಗಂಟು ಇಸಿದುಕೊಂಡೆ. ಅವ್ವ ಜನರನ್ನು ತಳ್ಳಿಕೊಂಡು ಬಂದು ಮಗಳನ್ನು ತಬ್ಬಿಕೊಂಡಳು. ನನ್ನ ಕಣ್ಣಿಗೆ ಧೂಳು ಬಿತ್ತು, ಈ ಊರಿನ ಧೂಳೇ ಹಾಗೆ.

ತಿರುಗಿ ನೋಡುವಷ್ಟರಲ್ಲಿ ಬಸ್ಸು ಖಾಲಿ. ನನ್ನ ಎಣಿಕೆ ಹತ್ತೊಂಬತ್ತಕ್ಕೆ ನಿಂತಿತ್ತು! ಸಿದ್ದರಾಯರು ಹಲಗೆಯನ್ನು ಮುಂದೆ ಹಿಡಿದರು. "ಐವತ್ತೈದ್ರಿ. ಹೊಟ್ಟಿಯಾಗಿಂದು ಹಿಡದಿಲ್ಲ."

ಒಟ್ಟು ಇನ್ನೂರ ಎಂಬತ್ತೆರಡು. ಸರಾಸರಿ ನಲವತ್ತು ದಾಟಿತು.

ಗದ್ದಲ ಹೆಚ್ಚಿದ್ದರಿಂದ ಎಣಿಕೆ ತಪ್ಪಿತು. ಮುಂದೆ ಜಾಗ್ರತೆ ವಹಿಸಬೇಕು.

ಜನವರಿ 14

ಸಂಕ್ರಾಂತಿ. ವರದಿಯ ನಕಲು ತೆಗೆಯುವುದು ಇನ್ನೂ ಸ್ವಲ್ಪ ಉಳಿದಿದೆ, ಧಾರವಾಡಕ್ಕೆ ಹೋಗಲಾಗಲಿಲ್ಲ. ಅಣ್ಣನಿಗೆ ಕಾಗದ ಹಾಕಿದೆ. ಕುಸುರೆಳ್ಳು ಚೆನ್ನಾಗಿತ್ತು.

ಜನವರಿ 17, ಗುರುವಾರ

ಬೆಳಗಿನ ಜಾವ ಹೆಣ್ಣು ಮಗು. ತಾಯಿ, ಮಗು ಆರಾಮ. ಪರಸಪ್ಪ ಊರಿಗೆಲ್ಲ ಸಕ್ಕರೆ ಹಂಚಿದ. ವರದಿಯ ಕೊನೆಯ ಪುಟದಲ್ಲಿ 1983ರ ಅಂದಾಜು ಅರವತ್ತೆಂಟು ಎಂದು ಬರೆದಿದ್ದೆ, ಹೊಡೆದು ಅರವತ್ತೊಂಬತ್ತು ಮಾಡಿದೆ. ಆಗ ಇವಳಿಗೆ ಹತ್ತು ವರ್ಷ ತುಂಬಲು ಬಂದಿರುತ್ತದೆ, ಅರ್ಧ ಟಿಕೆಟ್. ಬಸಂತರಾಯರು ಕಾರಣ ಕೇಳಲಾರರು.

ಜನವರಿ 21, ಸೋಮವಾರ. ಬಿಜಾಪುರ ಬಸ್ ನಿಲ್ದಾಣ

ಧಾರವಾಡದ ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿದೆ. ಇಂಡಿಯ ಕೆಲಸ ಮುಗಿಯಿತು. ಬೆಳಿಗ್ಗೆ ಹೊರಡುವಾಗ ಅವ್ವ ಕೂರಿಸಿ ಒಂದು ತಂಬಿಗೆ ನೀರು ಕೊಟ್ಟಳು, ರೊಟ್ಟಿಯ ಗಂಟು ಕೊಟ್ಟಳು. ಎಲ್ಲಿಗೆ ಎನ್ನಲಿಲ್ಲ. "ಯಾವಾಗ ಬರ್ತಿ ತಮ್ಮಾ?" ಎಂದಳು. ತೊಟ್ಟಿಲಿಗೆ ಬರುತ್ತೇನೆಂದೆ. ರಜೆ ಸಿಗುತ್ತದೆ, ಕೇಳಬೇಕು.

ಇಲ್ಲಿ ಒಂದು ಕಿರಿಕಿರಿ. ಸಿದ್ದರಾಯರನ್ನು ಹೋದ ವಾರದಿಂದ ಈ ನಿಲ್ದಾಣದ ಸಮೀಕ್ಷೆಗೆ ಹಾಕಿದ್ದಾರೆ. ಇಂಡಿಯ ಬಸ್ಸಿನಿಂದ ಇಳಿದ ನನ್ನನ್ನೂ ನಗುತ್ತ ಹಿಡಿದರು. "ಆರಾಮ ಬಂದ್ರೇನ್ರಿ ಸಾಹೇಬ್ರ? ಎಲ್ಲಿಂದ ಬಂದ್ರಿ?"

"ಮನಿಯಿಂದ" ಎಂದೆ.

ಅವರು ಫಾರ್ಮಿನಲ್ಲಿ "ಧಾರವಾಡ" ಎಂದು ಬರೆದುಕೊಂಡರು! ಈಗಷ್ಟೇ ಇಂಡಿಯ ಬಸ್ಸಿನಿಂದ ಇಳಿದದ್ದನ್ನು ಕಣ್ಣಾರೆ ಕಂಡು, ಕೈಯಲ್ಲಿ ಅವ್ವನ ರೊಟ್ಟಿಯ ಗಂಟು ನೋಡಿ, ಧಾರವಾಡವಂತೆ. ಅಲ್ಲೇ ನಿಂತು ಹೊಡೆಸಿ "ಇಂಡಿ" ಎಂದು ಬರೆಸಿದೆ. ಎರಡೂವರೆ ತಿಂಗಳು ಜೊತೆಗಿದ್ದು ಕಲಿಸಿದರೂ ಹೀಗೆ. ಇಂಥ ಸಣ್ಣ ತಪ್ಪುಗಳಿಂದಲೇ ಅಂಕಿಗಳು ಕೆಡುವುದು.